ಮನೆಮಂದಿಗೆಲ್ಲ ನವೆ: ಕಜ್ಜಿ ನುಸಿಯ ಕ್ಯಾಲೆಂಡರ್

ಈ ಸಂಚಿಕೆ ಶುರುವಾಗೋದು ಒಬ್ಬ ಕೇಳುಗರ ಪ್ರಶ್ನೆಯಿಂದ. ದುಬೈನ ಜುಮೇರಾ ಲೇಕ್ ಟವರ್ಸ್, ಅಲ್ಲಿಯವರ ಬಾಯಲ್ಲಿ ಜೆಎಲ್‌ಟಿ, ಅಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿರೋ ತಿಪಟೂರು ಕಡೆಯ ಒಂದು ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಮನೆಯಲ್ಲೇ ಉಳಿದು ಕೆಲಸ ಮಾಡೋ ಮೇಡ್ ಒಬ್ಬರು. ಐವರಿಗೂ ನವೆ. ರಾತ್ರಿ ಹನ್ನೊಂದಾದ್ರೆ ಸಾಕು, ಮನೆಯಲ್ಲಿ ಕೆರ್ಕೊಳ್ಳೋ ಸದ್ದು. ಸೋಪು ಬದಲಾಯಿಸಿದ್ದಾಯ್ತು, ಬಟ್ಟೆ ಒಗೆಯೋ ಪುಡಿ ಬದಲಾಯಿಸಿದ್ದಾಯ್ತು, ಎಸಿ ಡಕ್ಟ್ ಕ್ಲೀನ್ ಮಾಡ್ಸಿದ್ದಾಯ್ತು, ಟ್ಯಾಂಕಿನ ನೀರಿನ ಮೇಲೂ ಅನುಮಾನ ಪಟ್ಟಿದ್ದಾಯ್ತು. ಎರಡು ತಿಂಗಳಾದ್ಮೇಲೆ ಚರ್ಮದ ಡಾಕ್ಟರು ಒಂದೇ ನಿಮಿಷ ನೋಡಿ ಹೇಳಿದ್ರಂತೆ: ಸ್ಕೇಬೀಸ್. ನಮ್ಮ ಭಾಷೆಯಲ್ಲಿ, ಕಜ್ಜಿ.

ಪತ್ರದ ಕೊನೆಯಲ್ಲಿ ಅವರು ಕೇಳಿದ್ದು ಔಷಧಿ ಬಗ್ಗೆ ಅಲ್ಲ. "ಮೊದಲು ನವೆ ಶುರುವಾಗಿದ್ದು ನಮ್ಮ ಮೇಡ್‌ಗೆ. ಅವರು ಬಂದಿದ್ದೇ ಸೆಪ್ಟೆಂಬರ್ 1ಕ್ಕೆ. ಕಜ್ಜಿ ತಂದಿದ್ದು ಅವರೇ ತಾನೇ? ವಾಪಸ್ ಕಳಿಸ್ಬೇಕು ಅಂತ ಮನೆಯಲ್ಲಿ ಮಾತಾಗ್ತಿದೆ." ಅಂದ್ರೆ ಈ ಪ್ರಶ್ನೆಗೆ ನಾವು ಕೊಡೋ ಉತ್ತರದ ಮೇಲೆ ಒಬ್ಬರ ಕೆಲಸ, ಅವರ ವೀಸಾ ನಿಂತಿದೆ. ಅದಕ್ಕೇ ಒಂದು ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದೀವಿ. ಉತ್ತರ ಜೀವಶಾಸ್ತ್ರದಲ್ಲೇ ಇದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಮೊದಲು ಆಸಾಮಿಯ ಪರಿಚಯ ಮಾಡ್ಕೊಳ್ಳೋಣ. ತಿಪಟೂರಿನವರಿಗೆ ನುಸಿ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ತೆಂಗಿನ ತೋಟಗಳಿಗೂ ನುಗ್ಗಿ, ಕಾಯಿಯ ಮೇಲೆಲ್ಲ ಕಂದು ಕಲೆ ಮಾಡಿ, ಕೊಬ್ಬರಿ ಬೆಳೆಗಾರರನ್ನ ಅಳಿಸಿದ್ದು ನುಸಿಯೇ. ಕಜ್ಜಿ ಮಾಡೋದೂ ಒಂದು ನುಸಿ, ಆದ್ರೆ ಬೇರೆ ಜಾತಿ. ಹೆಸರು ಸಾರ್ಕೊಪ್ಟಿಸ್ ಸ್ಕೇಬಿಯೈ. ಇದು ಕೀಟ ಅಲ್ಲ. ಜೇಡ, ಚೇಳು, ದನದ ಮೈಮೇಲಿನ ಉಣ್ಣೆ, ಇವುಗಳ ಬಳಗದ್ದು. ಬೆಳೆದ ನುಸಿಗೆ ಎಂಟು ಕಾಲು. ಹೆಣ್ಣು ನುಸಿ ಸುಮಾರು 0.3ರಿಂದ 0.45 ಮಿಲಿಮೀಟರ್, ಅಂದ್ರೆ ಕಣ್ಣು ಚುರುಕಾಗಿದ್ರೆ ಒಂದು ಬಿಳಿ ಚುಕ್ಕಿಯಷ್ಟು ಕಾಣಬಹುದು, ಅಷ್ಟೇ.

ಈ ಹೆಣ್ಣು ನುಸಿ ನಮ್ಮ ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ ಸುರಂಗ ಕೊರೆಯುತ್ತೆ. ರಕ್ತ ಕುಡಿಯಲ್ಲ. ದಿನಕ್ಕೆ ಎರಡು ಮೂರು ಮೊಟ್ಟೆ ಇಡ್ತಾ, ಹಿಂದೆ ಹಿಕ್ಕೆ ಬಿಡ್ತಾ ಮುಂದೆ ಹೋಗುತ್ತೆ. ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಒಡೆದು ಆರು ಕಾಲಿನ ಮರಿ ಹೊರಬರುತ್ತೆ, ಎರಡು ವಾರದೊಳಗೆ ಅದು ಬೆಳೆದು ನಿಲ್ಲುತ್ತೆ. ಹೆಣ್ಣಿನ ಆಯಸ್ಸು ಒಂದರಿಂದ ಎರಡು ತಿಂಗಳು.

ಈಗ ಒಂದು ಪ್ರಶ್ನೆ. ಮೈತುಂಬ ನವೆ, ಹೊಟ್ಟೆ ಮೇಲೆ, ತೊಡೆ ಮೇಲೆ, ಸೊಂಟದ ಸುತ್ತ ಗುಳ್ಳೆ. ಇಷ್ಟೆಲ್ಲ ಮಾಡೋಕೆ ಎಷ್ಟು ನುಸಿ ಬೇಕು ಅನ್ಕೋತೀರಿ? ಸಾವಿರ? ಹತ್ತು ಸಾವಿರ? ಸಾಮಾನ್ಯವಾಗಿ ಇರೋದು ಹತ್ತು ಹದಿನೈದು. ಸುರಂಗ ಇರೋದು ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ. ನವೆ ಇರೋದು ಮೈಯೆಲ್ಲ. ಯಾಕಂದ್ರೆ ನವೆ ನುಸಿಯ ಕಡಿತದಿಂದ ಬರೋದಲ್ಲ. ನುಸಿ, ಅದರ ಮೊಟ್ಟೆ, ಅದರ ಹಿಕ್ಕೆ, ಇವಕ್ಕೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ತೋರಿಸೋ ಅಲರ್ಜಿ ಅದು. ಈ ಒಂದು ಮಾತನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದಿನದ್ದೆಲ್ಲ ಇದರಿಂದಲೇ ಬಿಚ್ಚಿಕೊಳ್ಳುತ್ತೆ.

ಅಲರ್ಜಿ ಅಂದ್ಮೇಲೆ, ದೇಹ ಆ ಅನ್ಯ ವಸ್ತುವನ್ನ ಗುರುತಿಸೋದು ಕಲೀಬೇಕು. ಕಲಿಯೋಕೆ ಸಮಯ ಬೇಕು. ಎಷ್ಟು ಸಮಯ ಅನ್ನೋದು ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಕೆನ್ನೆತ್ ಮೆಲನ್‌ಬಿ ಅಂತ ಒಬ್ಬ ಕೀಟಶಾಸ್ತ್ರಜ್ಞ. ಬ್ರಿಟಿಷ್ ಸೈನ್ಯದಲ್ಲಿ ಕಜ್ಜಿ ಹೆಚ್ಚಾಗಿತ್ತು, ಕಂಬಳಿಗಳಿಂದಲೇ ಹರಡ್ತಿದೆ ಅಂತ ನಂಬಿ ಲಕ್ಷಗಟ್ಟಲೆ ಕಂಬಳಿಗಳನ್ನ ಬಿಸಿ ಮಾಡಿ ಶುದ್ಧ ಮಾಡ್ತಿದ್ರು. ಯುದ್ಧಕಾಲ, ಇಂಧನಕ್ಕೇ ಬರ. ನಿಜವಾಗಿ ಕಂಬಳಿಯೇ ಕಾರಣವಾ ಅಂತ ನೋಡೋಕೆ 1941ರಲ್ಲಿ ಮೆಲನ್‌ಬಿ ಒಂದು ಪ್ರಯೋಗ ಶುರು ಮಾಡಿದ್ರು. ಅದಕ್ಕೆ ಮುಂದೆ ಬಂದಿದ್ದು, ನಾವು ಬಂದೂಕು ಹಿಡಿಯಲ್ಲ ಅಂತ ಆತ್ಮಸಾಕ್ಷಿಯ ಕಾರಣಕ್ಕೆ ಸೈನ್ಯ ಸೇರೋಕೆ ಒಪ್ಪದ ಯುವಕರು. ಕಜ್ಜಿ ಇದ್ದ ಸೈನಿಕರು ಬಳಸಿದ, ತೊಳೆಯದ ಕಂಬಳಿ ಹೊದ್ದು, ಬಟ್ಟೆ ಇಲ್ಲದೆ ಮಲಗಿದ್ರು. ರಾತ್ರಿ ಮೇಲೆ ರಾತ್ರಿ. ಕಜ್ಜಿ ಹತ್ತಿದ್ದು ಬೆರಳೆಣಿಕೆಯಷ್ಟು ಜನಕ್ಕೆ. ಆದ್ರೆ ಕಜ್ಜಿ ಇದ್ದವರ ಜೊತೆ ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗಿ ಮಲಗಿದಾಗ, ಹತ್ತಿತು.

ಮೆಲನ್‌ಬಿ ಅಲ್ಲಿಗೇ ನಿಲ್ಲಲಿಲ್ಲ. ಸೂಜಿಯಿಂದ ನುಸಿಗಳನ್ನ ತೆಗೆದು ಒಂದೊಂದಾಗಿ ಎಣಿಸಿದ್ರು. ನಾವು ಆಗ ಹೇಳಿದ ಹತ್ತು ಹದಿನೈದರ ಲೆಕ್ಕ ನಿಂತಿರೋದು ಆ ಎಣಿಕೆಯ ಮೇಲೆ; ಸರಾಸರಿ ಹನ್ನೊಂದರ ಆಸುಪಾಸು ಬಂದಿತ್ತು. ಅದಕ್ಕಿಂತ ಮುಖ್ಯವಾಗಿ ಇನ್ನೊಂದು ಕಂಡರು. ಮೊದಲ ಸಲ ಕಜ್ಜಿ ಹತ್ತಿದವರಿಗೆ ಸುಮಾರು ಒಂದು ತಿಂಗಳು ಏನೂ ಗೊತ್ತಾಗಲ್ಲ. ನುಸಿ ಕೊರೀತಿರುತ್ತೆ, ಮೊಟ್ಟೆ ಇಡ್ತಿರುತ್ತೆ, ಮನುಷ್ಯ ಆರಾಮಾಗಿ ನಿದ್ದೆ ಮಾಡ್ತಿರ್ತಾನೆ. ಇವತ್ತಿನ ಲೆಕ್ಕದಲ್ಲಿ ನಾಲ್ಕರಿಂದ ಆರು ವಾರ. ಅದೇ ಹಿಂದೆ ಯಾವತ್ತೋ ಕಜ್ಜಿ ಬಂದು ವಾಸಿಯಾದವರಿಗೆ ಮತ್ತೆ ನುಸಿ ಹತ್ತಿದ್ರೆ? ಒಂದರಿಂದ ನಾಲ್ಕು ದಿನದಲ್ಲೇ ನವೆ. ದೇಹಕ್ಕೆ ಹಳೇ ಪರಿಚಯ ಇರುತ್ತಲ್ಲ.

ಈಗ ಜೆಎಲ್‌ಟಿ ಮನೆಯ ಕ್ಯಾಲೆಂಡರ್ ತೆಗೀರಿ. ತಾರೀಖುಗಳನ್ನ ನಾವು ಅವರಿಂದಲೇ ಕೇಳಿ ತಗೊಂಡ್ವಿ. ಜುಲೈ ಮೊದಲ ವಾರ ತಾಯಿ ಮಕ್ಕಳು ರಜಕ್ಕೆ ಊರಿಗೆ. ಅಪ್ಪನಿಗೆ ರಜ ಇಲ್ಲ, ದುಬೈನಲ್ಲೇ. ಆಗಸ್ಟ್ 24ಕ್ಕೆ ವಾಪಸ್. ಸೆಪ್ಟೆಂಬರ್ 1ಕ್ಕೆ ಮೇಡ್ ಬಂದ್ರು, ಮಕ್ಕಳ ರೂಮಿನಲ್ಲೇ ಮಲಗೋದು, ಚಿಕ್ಕ ಮಗು ಅವರ ಮಗ್ಗುಲಲ್ಲೇ. ಸೆಪ್ಟೆಂಬರ್ 5ರ ಹೊತ್ತಿಗೆ ಅವರಿಗೆ ನವೆ. 12ರಿಂದ ಮಕ್ಕಳಿಗೆ. ಅದಾಗಿ ತಾಯಿಗೆ. ಅಕ್ಟೋಬರ್ ಮೊದಲ ವಾರ ಅಪ್ಪನಿಗೆ. ಮಕ್ಕಳಿಗೆ ಹಿಂದೆ ಯಾವತ್ತೂ ಕಜ್ಜಿ ಆಗಿರಲಿಲ್ಲ.

ಲೆಕ್ಕ ಮಾಡಿ. ಮೇಡ್‌ನಿಂದ ಮಕ್ಕಳಿಗೆ ಬಂತು ಅಂತಿಟ್ಕೊಳ್ಳೋಣ. ಅತಿ ಬೇಗ ಅಂದ್ರೂ ಹತ್ತಿದ್ದು ಸೆಪ್ಟೆಂಬರ್ 1ಕ್ಕೆ. ಮೊದಲ ಸಲದ ಕಜ್ಜಿ, ನಾಲ್ಕು ವಾರ ಕಾಯ್ಬೇಕು. ನವೆ ಶುರುವಾಗ್ಬೇಕಿದ್ದದ್ದು ಸೆಪ್ಟೆಂಬರ್ ಕೊನೆಗೆ. ಆದ್ರೆ ಮಕ್ಕಳು ಕೆರ್ಕೊಳ್ಳೋಕೆ ಶುರು ಮಾಡಿದ್ದು 12ಕ್ಕೆ, ಅವರು ಬಂದು ಹನ್ನೆರಡು ದಿನ ಕೂಡ ಆಗಿರಲಿಲ್ಲ. ಸೆಪ್ಟೆಂಬರ್ 12ರಿಂದ ನಾಲ್ಕರಿಂದ ಆರು ವಾರ ಹಿಂದಕ್ಕೆ ಹೋಗಿ: ಆಗಸ್ಟ್ 1ರಿಂದ 15. ಆಗ ಮಕ್ಕಳು ಎಲ್ಲಿದ್ರು? ಊರಲ್ಲಿ. ಅಜ್ಜಿ ಮನೆ ನಡುಮನೆಯಲ್ಲಿ, ಏಳೆಂಟು ಮಕ್ಕಳು ಒಂದೇ ಜಮಖಾನದ ಮೇಲೆ, ಒಬ್ಬರ ಮೇಲೆ ಒಬ್ಬರು ಕಾಲು ಹಾಕ್ಕೊಂಡು ಮಲಗಿದ್ರು. ಅಪ್ಪನ ಲೆಕ್ಕವೂ ಕೂಡುತ್ತೆ. ಮಕ್ಕಳು ಬಂದು ಆತುಕೊಂಡಿದ್ದು ಆಗಸ್ಟ್ 24ಕ್ಕೆ, ಆರು ವಾರ ಸೇರಿಸಿದ್ರೆ ಅಕ್ಟೋಬರ್ 5.

ಹಾಗಾದ್ರೆ ಮೇಡ್‌ಗೆ ನಾಲ್ಕೇ ದಿನಕ್ಕೆ ನವೆ ಹೇಗೆ? ಅವರಿಗೆ ಬದುಕಿನಲ್ಲಿ ಹಿಂದೆ ಯಾವಾಗ್ಲೋ ಕಜ್ಜಿ ಬಂದು ಹೋಗಿರಬೇಕು. ದೇಹ ತಕ್ಷಣ ಗುರುತಿಸಿತು. ಮಕ್ಕಳ ಮೈಯಲ್ಲಿ ಸದ್ದಿಲ್ಲದೆ ಇದ್ದ ನುಸಿ ಅವರ ಮೈಗೆ ಹೋದಾಗ, ಮೊದಲು ಗಂಟೆ ಬಾರಿಸಿದ್ದು ಅವರ ಚರ್ಮ. ಅವರಿಗೆ ಬೇರೆ ಕಡೆಯಿಂದಲೂ ಪ್ರತ್ಯೇಕವಾಗಿ ಬಂದಿರಬಹುದಾ? ಬಂದಿರಬಹುದು, ಇಲ್ಲ ಅನ್ನಲ್ಲ. ಆದ್ರೂ ಮಕ್ಕಳ ಕ್ಯಾಲೆಂಡರ್ ಬದಲಾಗಲ್ಲ. ಮೊದಲು ನವೆ ಬಂದವರು ಕೊನೆಗೆ ಕಜ್ಜಿ ಹತ್ತಿದವರು ಆಗಿರಬಹುದು, ಈ ರೋಗದ ವಿಚಿತ್ರವೇ ಇದು. ಕೇಳುಗರಿಗೆ ಇದನ್ನ ಬರೆದು ಕಳಿಸಿದ್ವಿ. ಅವರು ಊರಿಗೆ ಫೋನ್ ಮಾಡಿದ್ರೆ, ನಾದಿನಿ ಮಕ್ಕಳಿಗೆ ಜೂನ್‌ನಿಂದಲೇ "ಮಳೆಗಾಲದ ಗುಳ್ಳೆ" ಅಂತ ಗೊತ್ತಾಯ್ತು. ಮೇಡ್ ಈಗಲೂ ಅದೇ ಮನೆಯಲ್ಲಿದಾರೆ. ಊರಿನ ಮಕ್ಕಳ ಮೇಲೆ ಈಗ ಸಿಟ್ಟು ಮಾಡ್ಕೋಬೇಡಿ ಅಂತಲೂ ಹೇಳಿದ್ವಿ. ಆ ಮಕ್ಕಳಿಗೂ ಎಲ್ಲಿಂದಲೋ ಬಂದಿರುತ್ತೆ.

ಈ ಕಜ್ಜಿಗೆ ಒಂದು ಕೆಟ್ಟ ಹೆಸರು ಅಂಟಿದೆ, ಕೊಳಕು ಜನರ ರೋಗ ಅಂತ. ದಿನಕ್ಕೆ ಎರಡು ಸಲ ಸ್ನಾನ ಮಾಡಿದ್ರೂ ನುಸಿ ಹೋಗಲ್ಲ, ಅದು ಸುರಂಗದ ಒಳಗಿದೆ. ಇದಕ್ಕೆ ಬೇಕಿರೋದು ಹತ್ತು ಹದಿನೈದು ನಿಮಿಷದ ಚರ್ಮದ ಸಂಪರ್ಕ, ಅಷ್ಟೆ. ಜನ ಒತ್ತೊತ್ತಾಗಿ ಬದುಕೋ ಕಡೆ ಹೆಚ್ಚು, ಅದಕ್ಕೇ ಬಡತನದ ಜೊತೆ ಸೇರ್ಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನ ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸ್ತು. ಅವರ ಅಂದಾಜಿನಲ್ಲಿ ಜಗತ್ತಿನಲ್ಲಿ ಯಾವುದೇ ಹೊತ್ತಿನಲ್ಲಿ 20 ಕೋಟಿಗೂ ಹೆಚ್ಚು ಜನಕ್ಕೆ ಕಜ್ಜಿ ಇರುತ್ತೆ. ಇತ್ತೀಚಿನ ವರ್ಷಗಳಲ್ಲಿ ಬ್ರಿಟನ್, ನೆದರ್‌ಲ್ಯಾಂಡ್ಸ್‌ನ ವಿದ್ಯಾರ್ಥಿಗಳಲ್ಲೂ ಏರಿದೆ. ನಲವತ್ತನೇ ಮಹಡಿಗೆ ಲಿಫ್ಟ್‌ನಲ್ಲಿ ಹೋಗೋಕೆ ನುಸಿಗೇನೂ ಅಡ್ಡಿ ಇಲ್ಲ.

ಇಲ್ಲೊಂದು ಸಣ್ಣ ಉಪಕಥೆ. ನಮಗೆ ಇದು ತುಂಬ ಇಷ್ಟ. ಅರಬಿಯಲ್ಲಿ ಕಜ್ಜಿಗೆ ಜರಬ್ ಅಂತಾರೆ. ಹತ್ತನೇ ಶತಮಾನದಲ್ಲೇ, ಅರಬಿಯಲ್ಲಿ ಬರೀತಿದ್ದ ವೈದ್ಯ ಅತ್-ತಬರಿ, ಈ ಪ್ರಾಣಿಯನ್ನ ಸೂಜಿಯಿಂದ ತೆಗೆಯಬಹುದು ಅಂತ ದಾಖಲಿಸಿದ್ದ. 1687ರಲ್ಲಿ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ, ಹೆಂಗಸರು ಮಕ್ಕಳ ಕೈಯಿಂದ ಸೂಜಿಯಲ್ಲಿ ಏನೋ ತೆಗೀತಿರೋದನ್ನ ಗಮನಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು, ಇದೇ ಕಜ್ಜಿಗೆ ಕಾರಣ ಅಂದ್ರು. ದೊಡ್ಡ ವೈದ್ಯರು ನಂಬಲಿಲ್ಲ; ರಕ್ತ ಕೆಟ್ಟರೆ, ಪಿತ್ತ ಕೆರಳಿದ್ರೆ ಕಜ್ಜಿ ಅನ್ನೋದು ಆಗಿನ ಮಾತು. 1812ರಲ್ಲಿ ಪ್ಯಾರಿಸ್‌ನಲ್ಲಿ ಗಾಲೆಸ್ ಅನ್ನೋನು ನುಸಿ ಸಿಕ್ಕಿತು ಅಂತ ಚಿತ್ರ ಸಮೇತ ಪ್ರಕಟಿಸಿದ, ಆಮೇಲೆ ನೋಡಿದ್ರೆ ಅದು ಚೀಸ್‌ನಲ್ಲಿ ಇರೋ ನುಸಿ! ಇಡೀ ವಿಷಯವೇ ನಗೆಪಾಟಲಾಯ್ತು. ಕೊನೆಗೆ 1834ರಲ್ಲಿ ಕಾರ್ಸಿಕಾ ದ್ವೀಪದ ರೆನುಚ್ಚಿ ಅನ್ನೋ ವಿದ್ಯಾರ್ಥಿ, ತನ್ನ ಊರಿನ ಹೆಂಗಸರಿಂದ ಕಲಿತ ಹಾಗೆ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲ್ಲರೆದುರು ಸೂಜಿಯಿಂದ ನುಸಿ ತೆಗೆದು ತೋರಿಸಿದ. ಗುಳ್ಳೆ ಇರೋ ಕಡೆ ಹುಡುಕಬೇಡಿ, ಸುರಂಗದ ತುದಿಯಲ್ಲಿ ಹುಡುಕಿ, ಅಷ್ಟೇ ಗುಟ್ಟು. ಇವತ್ತು ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಹಿಡಿದು ನೋಡೋದೂ ಅದನ್ನೇ: ಸುರಂಗದ ತುದಿಯಲ್ಲಿ ಒಂದು ಪುಟ್ಟ ತ್ರಿಕೋನ, ಹಿಂದೆ ಬಿಳಿ ಗೆರೆ, ಆಕಾಶದಲ್ಲಿ ಹೊಗೆ ಗೆರೆ ಎಳೀತಾ ಹೋಗೋ ಜೆಟ್ ವಿಮಾನದ ಹಾಗೆ.

ಸರಿ, ಎರಡು ತಿಂಗಳು ಯಾಕೆ ಗೊತ್ತಾಗಲಿಲ್ಲ? ದುಬೈನಲ್ಲಿ ಅನುಮಾನ ಪಡೋಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಹೊರಗೆ ಬೆವರುಸಾಲೆ, ಒಳಗೆ ಎಸಿಯಿಂದ ಒಣಗಿದ ಚರ್ಮ, ಹಾಸಿಗೆಯಲ್ಲಿ ತಿಗಣೆ ಇರಬಹುದಾ ಅನ್ನೋ ಭಯ. ತಿಗಣೆ ಸಾಮಾನ್ಯವಾಗಿ ಬಟ್ಟೆ ಮುಚ್ಚದ ಜಾಗದಲ್ಲಿ, ಕೈ, ಕತ್ತು, ಮುಖದ ಮೇಲೆ ಕಡಿಯುತ್ತೆ, ಕೆಲವೊಮ್ಮೆ ಸಾಲಾಗಿ. ಕಜ್ಜಿ ಇಷ್ಟಪಡೋದು ಮುಚ್ಚಿದ, ಮೆತ್ತನೆಯ ಮಡಿಕೆಗಳನ್ನ: ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ಸೊಂಟ, ಮೊಲೆತೊಟ್ಟಿನ ಸುತ್ತ, ಗಂಡಸರ ಜನನಾಂಗ. ಹಸುಗೂಸುಗಳಲ್ಲಿ ಅಂಗೈ, ಅಂಗಾಲು, ತಲೆ ಕೂಡ. ರಾತ್ರಿ ನವೆ ಜಾಸ್ತಿ, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ನವೆ, ಎರಡೂ ಸೇರಿದ್ರೆ ಮೊದಲು ಕಜ್ಜಿಯನ್ನೇ ಅನುಮಾನಿಸಿ.

ಇನ್ನೊಂದು ಕಾರಣ ನಮ್ಮ ಸೂಟ್‌ಕೇಸ್‌ನಲ್ಲಿದೆ. ಊರಿಂದ ಹೊರಡೋವಾಗ ಉಪ್ಪಿನಕಾಯಿ, ಚಟ್ನಿಪುಡಿ ಜೊತೆ ಒಂದು ಟ್ಯೂಬ್ ಮುಲಾಮು. ಯಾವ ಗುಳ್ಳೆಗಾದ್ರೂ ಅದೇ. ಅಂಥ ಎಷ್ಟೋ ಮುಲಾಮುಗಳಲ್ಲಿ ಪ್ರಬಲ ಸ್ಟಿರಾಯ್ಡ್ ಇರುತ್ತೆ. ಸ್ಟಿರಾಯ್ಡ್ ಅಲರ್ಜಿಯನ್ನ ಅದುಮುತ್ತೆ. ನವೆ ಕಡಿಮೆ, ಕೆಂಪು ಕಡಿಮೆ, ನುಸಿ ಮಾತ್ರ ನಿಶ್ಚಿಂತೆಯಿಂದ ಸಂಸಾರ ಮಾಡುತ್ತೆ. ಗುರುತು ಮರೆಸಿಕೊಂಡ ಈ ಕಜ್ಜಿಗೆ ವೈದ್ಯರಲ್ಲಿ ಬೇರೆ ಹೆಸರೇ ಇದೆ, ಸ್ಕೇಬೀಸ್ ಇನ್‌ಕಾಗ್ನಿಟೊ. ಭಾರತ ಸರ್ಕಾರ 2018ರಲ್ಲಿ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು, ಆದ್ರೂ ಕೇಳಿದ್ರೆ ಸಿಗೋದು ನಿಂತಿಲ್ಲ. ಜೆಎಲ್‌ಟಿ ಮನೆಯಲ್ಲೂ ಒಂದು ತಿಂಗಳು ಅದೇ ನಡೆದಿತ್ತು.

ಚಿಕಿತ್ಸೆಗೆ ಬರೋಣ. ಡಾಕ್ಟರ ಸಲಹೆಯಂತೆಯೇ ಮಾಡಿ, ನಾವಿಲ್ಲಿ ಹೇಳೋದು ಅದರ ಹಿಂದಿನ ಕಾರಣ. ಸಾಮಾನ್ಯವಾಗಿ ಕೊಡೋದು ಶೇಕಡ 5ರ ಪರ್ಮೆಥ್ರಿನ್ ಕ್ರೀಮು. ಸೇವಂತಿಗೆ ಬಳಗದ ಒಂದು ಹೂವಿನಲ್ಲಿರೋ ಕೀಟನಾಶಕವನ್ನ ನೋಡಿ ಮನುಷ್ಯ ತಯಾರಿಸಿದ ರಾಸಾಯನಿಕ ಇದು, ಸೊಳ್ಳೆಬತ್ತಿಯಲ್ಲಿರೋದೂ ಇದರ ದಾಯಾದಿಗಳೇ. ನುಸಿಯ ನರಗಳಲ್ಲಿ ಸೋಡಿಯಂ ಓಡಾಡೋ ಬಾಗಿಲು ಮುಚ್ಚದ ಹಾಗೆ ಮಾಡಿ ಪಾರ್ಶ್ವವಾಯು ಬರಿಸುತ್ತೆ. ನವೆ ಇರೋ ಜಾಗಕ್ಕೆ ಮಾತ್ರ ಹಚ್ಚಿದ್ರೆ ದಂಡ. ನವೆ ಒಂದು ಕಡೆ, ನುಸಿ ಇನ್ನೊಂದು ಕಡೆ ಅಂತ ಆಗ್ಲೇ ನೋಡಿದ್ವಲ್ಲ. ಕತ್ತಿನಿಂದ ಕೆಳಗೆ ಅಂಗಾಲಿನ ತನಕ, ಬೆರಳ ಸಂದಿ, ಉಗುರಿನ ಕೆಳಗೆ, ಹೊಕ್ಕುಳ ಒಳಗೆ, ಪೃಷ್ಠದ ಸಂದಿ, ಎಲ್ಲ. ಬಿಸಿನೀರಿನ ಸ್ನಾನ ಮಾಡಿದ ತಕ್ಷಣ ಬೇಡ, ಮೈ ತಣ್ಣಗಾಗಿ ಒಣಗಿರಲಿ. 8ರಿಂದ 14 ಗಂಟೆ ಬಿಟ್ಟು ತೊಳೆಯೋದು. ಮಧ್ಯೆ ಕೈ ತೊಳೆದ್ರೆ ಕೈಗೆ ಮತ್ತೆ ಹಚ್ಚಬೇಕು. ಎಷ್ಟೋ ಜನರ ಚಿಕಿತ್ಸೆ ಸೋಲೋದು ಇಲ್ಲೇ: ಹಚ್ಚಿ, ಊಟಕ್ಕೆ ಕೈ ತೊಳೆದು, ಮರೆತು ಮಲಗೋದು. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಒಂದೇ ಟ್ಯೂಬನ್ನ ಐದು ಜನ ಹಂಚಿಕೊಂಡ್ರೆ ಯಾರಿಗೂ ಸಾಲಲ್ಲ.

ಒಂದು ವಾರ ಬಿಟ್ಟು ಇನ್ನೊಂದು ಸಲ. ಮೊದಲ ಸಲ ಉಳಿದುಕೊಂಡ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ, ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡೋ ಮೊದಲೇ ಹಿಡೀಬೇಕು.

ಇದೆಲ್ಲಕ್ಕಿಂತ ಮುಖ್ಯ: ಎಲ್ಲರೂ, ಒಂದೇ ರಾತ್ರಿ. ನವೆ ಇಲ್ಲದವರೂ. ಆ ನಾಲ್ಕಾರು ವಾರದ ಮೌನ ನೆನಪಿಟ್ಕೊಳ್ಳಿ. ಈ ಮನೆಯಲ್ಲಿ ಮೊದಲು ಮಕ್ಕಳಿಗೆ ಮಾತ್ರ ಚೀಟಿ ಬರೆಸಿದ್ರು. ಇನ್ಶೂರೆನ್ಸ್ ಕಾರ್ಡು ಒಬ್ಬೊಬ್ಬರಿಗೆ ಒಂದೊಂದು, ಅಪಾಯಿಂಟ್‌ಮೆಂಟ್ ಬೇರೆ ಬೇರೆ ದಿನ. ನುಸಿಗೆ ಇನ್ಶೂರೆನ್ಸ್ ಕಾರ್ಡಿನ ಲೆಕ್ಕ ಇಲ್ಲ. ಮಕ್ಕಳದ್ದು ವಾಸಿಯಾಗಿ, ಅಪ್ಪನಿಂದ ಮತ್ತೆ ಮಕ್ಕಳಿಗೆ. ಒಂದೇ ಭೇಟಿಯಲ್ಲಿ ಇಡೀ ಮನೆಗೆ ಬರೆಸ್ಕೊಳ್ಳಿ, ಮೇಡ್ ಹೆಸರನ್ನ ಬಿಡಬೇಡಿ. ರೂಮ್ ಹಂಚಿಕೊಂಡು ಬೆಡ್‌ಸ್ಪೇಸ್‌ನಲ್ಲಿರೋ ಹುಡುಗರಿಗೆ ಇದು ಕಷ್ಟ, ಗೊತ್ತು. ಆದ್ರೆ ಆ ರೂಮಿನವರೆಲ್ಲ ಒಂದೇ ಮನೆ ಅಂತ ಲೆಕ್ಕ.

ಮಾತ್ರೆ ರೂಪದಲ್ಲಿ ಐವರ್‌ಮೆಕ್ಟಿನ್ ಇದೆ. ಕೊರೊನಾ ಕಾಲದಲ್ಲಿ ಇಲ್ಲಸಲ್ಲದ ಕಾರಣಕ್ಕೆ ಹೆಸರು ಕೆಡಿಸಿಕೊಂಡ ಔಷಧಿ, ಪಾಪ. ಜಪಾನಿನ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು, ಅದಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಸಿಕ್ತು. ಫಿಜಿ ದ್ವೀಪಗಳಲ್ಲಿ ಊರಿಗೆ ಊರೇ ಈ ಮಾತ್ರೆ ಕೊಟ್ಟಾಗ, ಒಂದು ವರ್ಷದಲ್ಲಿ ಕಜ್ಜಿಯ ಪ್ರಮಾಣ ಶೇಕಡ 32ರಿಂದ 2ಕ್ಕಿಂತ ಕೆಳಗಿಳಿಯಿತು. ಕಾಯಿಲೆ ಇದ್ದವರಿಗೆ ಮತ್ತು ಅವರ ಸಂಪರ್ಕದವರಿಗೆ ಮಾತ್ರ ಚಿಕಿತ್ಸೆ ಕೊಟ್ಟ ಊರುಗಳಲ್ಲಿ ಸುಮಾರು 37ರಿಂದ 19ಕ್ಕೆ ಮಾತ್ರ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನ ಸಾಮಾನ್ಯವಾಗಿ ಕೊಡಲ್ಲ. ಅಜ್ಜಿಯ ಮದ್ದು ಅಂದ್ರೆ ಕೊಬ್ಬರಿಎಣ್ಣೆಯಲ್ಲಿ ಗಂಧಕ, ಅದನ್ನ ನಗಬೇಡಿ. ಗಂಧಕದ ಮುಲಾಮನ್ನ ವೈದ್ಯರು ಇವತ್ತಿಗೂ ಹಸುಗೂಸುಗಳಿಗೆ, ಗರ್ಭಿಣಿಯರಿಗೆ ಬರೀತಾರೆ, ವಾಸನೆ ಸಹಿಸ್ಕೋಬೇಕು. ಸೀಮೆಎಣ್ಣೆ, ಬ್ಲೀಚ್, ಡೆಟಾಲ್ ಮಾತ್ರ ದಯವಿಟ್ಟು ಬೇಡ. ಸುಟ್ಟ ಚರ್ಮ ಕಜ್ಜಿಗಿಂತ ಕಷ್ಟ. ಕೆರೆದು ಕೀವಾದ್ರೆ, ಜ್ವರ ಬಂದ್ರೆ ತಡ ಮಾಡಬೇಡಿ: ಆ ಗಾಯದೊಳಗೆ ಹೋಗೋ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಮಕ್ಕಳ ಮೂತ್ರಪಿಂಡಕ್ಕೆ ಏಟು ಬೀಳಬಹುದು.

ಮನೆ ಕ್ಲೀನ್ ಮಾಡೋದು? ಮೆಲನ್‌ಬಿ ನೆನಪಿರಲಿ, ಅತಿ ಮಾಡಬೇಡಿ. ಆದ್ರೆ ಒಂದು ವಿಷಯದಲ್ಲಿ ದುಬೈ ಫ್ಲ್ಯಾಟು ತಿಪಟೂರಿನ ಮನೆಗಿಂತ ಬೇರೆ. ಚರ್ಮ ಬಿಟ್ಟ ನುಸಿ 21 ಡಿಗ್ರಿಯಲ್ಲಿ, ಸಾಧಾರಣ ತೇವದಲ್ಲಿ, 24ರಿಂದ 36 ಗಂಟೆ ಬದುಕುತ್ತೆ. 34 ಡಿಗ್ರಿಯಲ್ಲಿ ಒಂದು ದಿನ ಕೂಡ ಇಲ್ಲ. ಎಸಿಯನ್ನ 22ಕ್ಕೆ ಇಟ್ಟು ಮಲಗೋ ಮನೆಯಲ್ಲಿ ನುಸಿಗೂ ಸ್ವಲ್ಪ ಆರಾಮ. ಮೂರು ದಿನದಿಂದ ಮೈಗೆ ತಾಗಿದ ಬಟ್ಟೆ, ಹೊದಿಕೆ, ಟವೆಲ್ ಮಾತ್ರ 60 ಡಿಗ್ರಿಯಲ್ಲಿ ಒಗೀರಿ. ಊರಲ್ಲಾದ್ರೆ ಬಿಸಿಲಿಗೆ ಹಾಕಿ ಅಂತಿದ್ವಿ, ಅಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ್ರೆ ಮುನಿಸಿಪಾಲಿಟಿಯವರು ಆಕ್ಷೇಪ ಮಾಡ್ತಾರೆ. ಡ್ರೈಯರ್ ಇದ್ರೆ ಹೆಚ್ಚು ಬಿಸಿಗೆ ಇಡಿ. ಒಗೆಯೋಕಾಗದ ಗೊಂಬೆ, ಶೂಗಳನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕೈದು ದಿನ ಮೂಲೆಗಿಡಿ, ಉಪವಾಸ ಬಿದ್ದು ಸಾಯುತ್ತೆ. ಸೋಫಾ ವ್ಯಾಕ್ಯೂಮ್ ಮಾಡಿದ್ರೆ ಸಾಕು. ಮನೆಗೆ ಪೆಸ್ಟ್ ಕಂಟ್ರೋಲ್ ಹೊಡೆಸೋದು ಹಣ ದಂಡ. ಕೆರೆ ಸುತ್ತ ಓಡಾಡೋ ಬೆಕ್ಕುಗಳನ್ನೂ ದೂರಬೇಡಿ. ಬೆಕ್ಕು ನಾಯಿಗಳ ನುಸಿ ನಮ್ಮನ್ನ ಸ್ವಲ್ಪ ದಿನ ಕೆರೆಸಬಹುದು, ನಮ್ಮ ಮೈಯಲ್ಲಿ ಸಂತಾನ ಬೆಳೆಸಲ್ಲ. ಟವರಿನ ಈಜುಕೊಳದಿಂದ ಹರಡೋದೂ ಇಲ್ಲ ಅನ್ನೋಷ್ಟು ಅಪರೂಪ.

ಆಮೇಲೆ ಬರೋದು ಗಾಬರಿಯ ವಾರ. ಎರಡು ಸಲ ಹಚ್ಚಿದ್ದಾಯ್ತು, ನವೆ ಹೋಗಿಲ್ಲ! ಹೋಗಲ್ಲ. ನುಸಿ ಸತ್ತಿದೆ, ಅದರ ಹೆಣ, ಹಿಕ್ಕೆ ಇನ್ನೂ ಚರ್ಮದಲ್ಲಿದೆ, ಅಲರ್ಜಿ ನಡೀತಿದೆ. ಮೇಲ್ಪದರ ಉದುರೋ ತನಕ, ಎರಡರಿಂದ ನಾಲ್ಕು ವಾರ, ನವೆ ಇರಬಹುದು. ಆಗ ಮತ್ತೆ ಮತ್ತೆ ಪರ್ಮೆಥ್ರಿನ್ ಹಚ್ಚಿದ್ರೆ ಚರ್ಮ ಕೆರಳಿ ಅದೇ ಹೊಸ ನವೆ. ತೇವ ಕೊಡೋ ಕ್ರೀಮು, ರಾತ್ರಿಗೆ ಡಾಕ್ಟರು ಕೊಟ್ಟ ಅಲರ್ಜಿ ಮಾತ್ರೆ, ಇಷ್ಟೇ. ಮಕ್ಕಳ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ತಿಂಗಳುಗಟ್ಟಲೆ ಉಳೀಬಹುದು, ಅದರಲ್ಲಿ ಜೀವಂತ ನುಸಿ ಇರಬೇಕು ಅಂತಿಲ್ಲ. ನಾಲ್ಕು ವಾರ ಕಳೆದ ಮೇಲೂ ಹೊಸ ಗುಳ್ಳೆ, ಹೊಸ ಸುರಂಗ ಕಂಡ್ರೆ ಮತ್ತೆ ತೋರಿಸಿ. ಪರ್ಮೆಥ್ರಿನ್ ಮೊದಲಿನಷ್ಟು ಕೆಲಸ ಮಾಡ್ತಿಲ್ಲ ಅಂತ ಯುರೋಪಿನ ಕೆಲವು ಕಡೆಯಿಂದ ವರದಿಗಳಿವೆ. ನುಸಿ ಪ್ರತಿರೋಧ ಬೆಳೆಸಿಕೊಂಡಿದೆಯಾ, ಜನ ಸರಿಯಾಗಿ ಹಚ್ಚಿಲ್ಲವಾ ಅನ್ನೋ ಚರ್ಚೆ ನಡೀತಿದೆ. ನಮಗನ್ನಿಸೋದು ಎರಡೂ ಇದೆ ಅಂತ. ಅಂಥಾಗ ಡಾಕ್ಟರು ಔಷಧಿ ಬದಲಾಯಿಸ್ತಾರೆ.

ಅದೇ ಕೇಳುಗರು ಆಮೇಲೆ ಕೇಳಿದ ಇನ್ನೊಂದು ಪ್ರಶ್ನೆ, ಮಕ್ಕಳನ್ನ ಸ್ಕೂಲಿಗೆ ಯಾವಾಗ ಕಳಿಸಬಹುದು ಅಂತ. ಮೊದಲ ಸಲ ಹಚ್ಚಿ ತೊಳೆದ ಮಾರನೇ ದಿನವೇ ಕಳಿಸಬಹುದು. ಸ್ಕೂಲ್ ನರ್ಸ್‌ಗೂ ಒಂದು ಮಾತು ಹೇಳಿ, ಊರಿಗೂ ಒಂದು ಫೋನ್ ಮಾಡಿ. ಮುಂದಿನ ರಜಕ್ಕೆ ಮೊದಲು ಅಲ್ಲಿ ನಡುಮನೆಯಲ್ಲಿ ಮಲಗೋ ಮಕ್ಕಳೆಲ್ಲರಿಗೂ ಒಂದೇ ರಾತ್ರಿ ಔಷಧಿ ಆಗಿರಬೇಕು.